ಕಲಾಯಿ

ಬ್ಯಾಡ್ಜಿನ ಮೇಲೆ ನನ್ನ ಹೆಸರು: ಎಂ. ಕಲಾಯಗಾರ.
ಹೇಜಲ್ ಅದನ್ನು ಕ್ಯಾಲಿಗರ್ ಅನ್ನುತ್ತಾಳೆ, ಹನ್ನೊಂದು ವರ್ಷದಿಂದ.
ತಿದ್ದುವುದನ್ನು ಬಿಟ್ಟಿದ್ದೇನೆ.
ಶೆಫೀಲ್ಡಿನಲ್ಲಿ ರಾತ್ರಿ ಪಾಳಿ. ಗಾಜಿನಾಚೆ
ಸಾಲಾಗಿ ನಿಂತು ತಿರುಗುತ್ತವೆ ಟೈಟಾನಿಯಂ ಕಾಂಡಗಳು,
ಯಾರದೋ ತೊಡೆಯೆಲುಬಿನೊಳಗೆ ಇಳಿಯಬೇಕಾದವು.

ಮೊದಲು ಮರಳಿನ ಹೊಡೆತ.
ಕನ್ನಡಿಯಂತಿದ್ದದ್ದು ಬೆಕ್ಕಿನ ನಾಲಗೆಯಂತಾಗಬೇಕು.
ಆಮೇಲೆ ಪ್ಲಾಸ್ಮಾದ ಬೆಂಕಿ. ನೋಡಬಾರದು, ನೋಡಿದರೆ
ಕಣ್ಣು ಮುಚ್ಚಿದ ಮೇಲೂ ನೇರಳೆ ಉಳಿಯುತ್ತದೆ.
ಆ ಬೆಂಕಿಯ ಬಾಯಿಗೆ ಬಿಳಿ ಪುಡಿ,
ಎಲುಬಿನದೇ ಸುಣ್ಣ, ಎಲುಬಿನದೇ ರಂಜಕ,
ಕರಗೀತು ಕರಗದು ಎನ್ನುವಷ್ಟರಲ್ಲಿ ಹೋಗಿ ಅಂಟುತ್ತದೆ.
ಕೂದಲೆಳೆಯಷ್ಟು ದಪ್ಪ. ಹೆಚ್ಚಾದರೆ ಬಿರುಕು,
ಕಡಿಮೆಯಾದರೆ ನನ್ನ ಸಹಿ ಬೀಳುವುದಿಲ್ಲ.

ಮುದಗಲ್ಲಿನ ಕೋಟೆ ಬಾಗಿಲ ಬಳಿ
ಮುತ್ಯಾ ತಿದಿ ಒತ್ತುತ್ತಿದ್ದ.
ಕಾದ ಹಿತ್ತಾಳೆಗೆ ನವಸಾಗರ, ಕೆಮ್ಮು ಬರಿಸುವ ಹೊಗೆ,
ತವರದ ಕಡ್ಡಿ ಒಮ್ಮೆ ಸವರಿ
ಹತ್ತಿಯ ಉಂಡೆಯಿಂದ ಒಂದೇ ಸುತ್ತು:
ಪಾತ್ರೆಯೊಳಗೆ ಬೆಳದಿಂಗಳು ಎದ್ದು ಕೂರುತ್ತಿತ್ತು.
'ಹುಣಸೆಗೂ ಹಿತ್ತಾಳೆಗೂ ಆಗಿಬರುವುದಿಲ್ಲ ಮಗಳೇ,
ನಡುವೆ ನಾವು ನಿಲ್ಲಬೇಕು.'

ಈ ಕಾಂಡದ ಚಿತ್ರ ಅವನಿಗೆ ತೋರಿಸಿದ್ದೆ, ಒಮ್ಮೆ, ಫೋನಿನಲ್ಲಿ.
ಬಹಳ ಹೊತ್ತು ನೋಡಿ 'ಹೊಳಪೇ ಇಲ್ಲವಲ್ಲ' ಅಂದ.
'ಗಿರಾಕಿ ಸುಮ್ಮನೆ ಬಿಟ್ಟಾನೆ?'
ಹೇಗೆ ಹೇಳಲಿ, ಇಲ್ಲಿ ಹೊಳೆದರೆ ಕೆಟ್ಟಿತು.
ನೀನು ನಡುವೆ ನಿಂತು ದೂರವಿಟ್ಟೆ, ನಾನು
ನಡುವೆ ನಿಂತು ಕೈ ಹಿಡಿಸಬೇಕು.
ಕೊರಕಲು ಕೊರಕಲಲ್ಲಿ ಎಲುಬು ಬೇರು ಬಿಟ್ಟು
ಇದು ಲೋಹವೆಂಬುದನ್ನೇ ಮರೆಯಬೇಕು.
ನಿನ್ನ ಗಿರಾಕಿ ವರ್ಷಕ್ಕೊಮ್ಮೆ ಕೊಡ ಹೊತ್ತು ಬರುತ್ತಿದ್ದ.
ನನ್ನ ಗಿರಾಕಿ ತಿರುಗಿ ಬರಬಾರದು.

ಈ ಮಾರ್ಚಿನಲ್ಲಿ ಹೇಜಲ್‌ಗೇ ಸೊಂಟದ ಕೀಲು ಬದಲಿಸಿದರು.
ಹದಿನಾರಕ್ಕೇ ಚಮಚ ಉಜ್ಜುವ ಕೆಲಸ ಹಿಡಿದವಳು,
ಮೈಗೆ ಕಂದು ಕಾಗದ ಸುತ್ತಿಕೊಂಡು ಮೂವತ್ತು ವರ್ಷ
ಊರವರ ಚಮಚಗಳಲ್ಲಿ ತನ್ನ ಮುಖ ತಲೆಕೆಳಗಾಗಿ ನೋಡಿದವಳು.
ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಂದಳು:
'ಕ್ಯಾಲಿಗರ್, ನನ್ನದು ಸೋಮವಾರ ಮಾಡಿದ್ದಾಗಿರಬಾರದು.'
ನಕ್ಕೆವು. ಮನೆಗೆ ಹೋದವಳಿಗೆ ನಿದ್ದೆ ಹತ್ತಲಿಲ್ಲ.
ಎಷ್ಟು ಸೋಮವಾರ ತಲೆನೋವು, ಎಷ್ಟು ಸೋಮವಾರ
ರೋಜಾ, ಒಣಗಿದ ಬಾಯಿ, ಗಡಿಯಾರದ ಮೇಲೆ ಕಣ್ಣು.
ಅಂಟಿದ್ದನ್ನು ಕಿತ್ತು ನೋಡುವ ಪರೀಕ್ಷೆಯಲ್ಲಿ
ಕಳೆದ ಅಕ್ಟೋಬರಿನದೊಂದು ತಂಡ ಸೋತಿತ್ತು,
ನಲವತ್ತೂ ಗುಜರಿಗೆ. ನಲವತ್ತೇ ಇದ್ದವೇ?
ಎಣಿಸಿದ್ದು ನಾನೇ.

ಜೂನಿನಲ್ಲಿ ಬಂದಳು, ಕೋಲಿಲ್ಲದೆ,
ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ.
ಗಾಜಿನ ಮುಂದೆ ನಿಂತು ತಿರುಗುವ ಕಾಂಡಗಳನ್ನು
ನೆಂಟರ ಮಕ್ಕಳನ್ನು ನೋಡುವಂತೆ ನೋಡಿದಳು.
'ಚಳಿಗೆ ಸ್ವಲ್ಪ ನೋಯುತ್ತದೆ' ಅಂದಳು.
ನನ್ನ ಎದೆ ಧಸಕ್ಕೆಂದಿತು.
'ಆ ಕಡೆ ಅಲ್ಲವೇ ಹುಡುಗಿ.
ಈ ಕಡೆ. ಹಳೆಯದು.'