ಕಾರು ನಿಂತಲ್ಲೇ

ಮಗಳ ಸಂದರ್ಶನ ಮುಗಿಯುವವರೆಗೆ
ನಾವಿಬ್ಬರೂ ಹೊರಗೆ, ಕಾರಿನಲ್ಲಿ.
ನಾಯಿಯೂ. ಅದಕ್ಕೆ ಬೊಗಳುವ ಚಟ.
ಮನೆಯಲ್ಲಿರುವುದು ಒಂದೇ ಮೇಜು,
ಅದರ ಮೇಲೆ ಕಂಪ್ಯೂಟರು, ಅದರೊಳಗೆ ಮೂವರು ಪ್ರೊಫೆಸರರು.
ಎಮ್ಲಿನ್ ಸ್ಟಿಯರಿಂಗ್ ಹಿಡಿದೇ ಕೂತಿದ್ದ,
ಎಲ್ಲಿಗೂ ಹೋಗದ ಕಾರು ದಾರಿ ತಪ್ಪೀತೆಂಬಂತೆ.

ಆಮೇಲೆ ಪರೀಕ್ಷೆಯೇ ನಡೆಯಲಿಲ್ಲ.
ಅಂದಾಜಿನ ಅಂಕ ಬಂತು. ಸೀಟು ಮಾತ್ರ ನಿಜ.

ಈಗ ಕಾರ್ಡಿಫ್. ಹಾಸ್ಟೆಲಿನ ಬಾಗಿಲಿಗೆ ಟೇಪು.
ಹೆಲೆದ್ ನಾಲ್ಕನೇ ಮಹಡಿಯ ಕಿಟಕಿಯಲ್ಲಿ,
ನಾವು ಕೆಳಗೆ, ಅದೇ ಕಾರು. ಸೂಪಿನ ಡಬ್ಬಿ
ಕಾವಲುಗಾರನ ಕೈಸೇರಿ ಅರ್ಧ ಗಂಟೆ.
"ಬಂತಾ?" "ಇನ್ನೂ ಇಲ್ಲ." "ಆರಿಹೋಗಿರತ್ತೆ."
"ಇರಲಿ ಅಮ್ಮ, ನಾಯೀನ ಎತ್ತಿ ತೋರಿಸು."

ಎತ್ತಿದೆ.
ಫೋನಿನಲ್ಲಿ ಅವಳ ಉಸಿರಷ್ಟೇ.
ಬೊಗಳೋ, ಎಂದ ಎಮ್ಲಿನ್, ಬೊಗಳೋ ಮಾರಾಯ.
ಅವತ್ತೇ ಕಲಿತುಬಿಟ್ಟಿತ್ತು ಅದು, ಸುಮ್ಮನಿರುವುದನ್ನು.