ಅಳತೆಗೊಬ್ಬ

ತಿಂಗಳ ಐದಕ್ಕೆ ಬೆಳಗ್ಗೆ ಏಳೂಕಾಲಿಗೆ
ಸೆಲ್ವಮಣಿಯಕ್ಕನ ತಾರಸಿಯಲ್ಲಿ
ಮೂರು ಕೆಂಪು ಚುಕ್ಕೆಗಳ ಮೇಲೆ ಮೂರು ಕಾಲೂರಿ
ನಿಲ್ಲುತ್ತಿತ್ತು ನನ್ನ ಕ್ಯಾಮೆರಾ.
ಚುಕ್ಕೆ ಇಟ್ಟಿದ್ದು ನಾನೇ, ಅಕ್ಕನ ಉಗುರುಬಣ್ಣದಲ್ಲಿ.

ಮೊದಲು ಮದುವೆಗಳ ಫೋಟೋ ತೆಗೆಯುತ್ತಿದ್ದೆ.
ಧಾರೆಯ ನೀರು ಬೀಳುವ ಗಳಿಗೆಗೆ
ಉಸಿರು ಬಿಗಿಹಿಡಿದು ಕಾಯುವುದು ಗೊತ್ತು.
ಇಲ್ಲಿ ಕಂಬಕ್ಕೂ ಕಂಬಕ್ಕೂ ನಂಟು ಕೂಡಲು
ವರ್ಷಗಟ್ಟಲೆ ಕಾಯಬೇಕು,
ಊಟ ಹಾಕುವುದಿಲ್ಲ.

"ಜನ ಬೇಡ, ಕಂಬ ಮಾತ್ರ ಬರಲಿ"
ಎಂದಿದ್ದರು ಇಂಜಿನಿಯರ್ ಪುಟ್ಟಮಾದಯ್ಯ.
ತೆಗೆದುಕೊಟ್ಟೆ. ನೋಡಿದರು. ದೂರ ಹಿಡಿದು ನೋಡಿದರು.
"ಇದೇನ್ರೀ, ಊದುಬತ್ತಿ ಸ್ಟ್ಯಾಂಡ್ ಥರ ಇದೆ!
ಎಷ್ಟೆತ್ತರ ಅಂತ ಆಫೀಸಿನವರಿಗೆ ಹೇಗೆ ತಿಳೀಬೇಕು?
ಅಳತೆಗೊಬ್ಬನ್ನ ನಿಲ್ಸಿ."

ಹಾಗೆ ಬಂದು ನಿಂತವನು ದಯಾನಿಧಿ.
ಕೋರಾಪುಟದ ಕಡೆಯವನು, ಕಂಬಿ ಕಟ್ಟುವವನು,
ಹೆಲ್ಮೆಟ್ಟು ಬಿಟ್ಟು ಐದಡಿ ಏಳಿಂಚು.
ಎದೆಗೆ ಸ್ಲೇಟು; ಕಂಬ ಮೂವತ್ಮೂರು.
ಬರೆದದ್ದು ಅವನೇ, ಅವನ ಅಕ್ಷರದಲ್ಲಿ.
ಅವನ ಮೂರು ನಮ್ಮ ಮೂರಿಗೆ
ದೊಡ್ಡಪ್ಪನ ಮಗನಂತಿತ್ತು; ಓದಿಕೊಂಡೆ.

ಮಳೆಗಾಲ ಮುಗಿಯುವುದರೊಳಗೆ
ಮೊಣಕಾಲಿನಷ್ಟಿದ್ದ ಕಂಬಿ ಅವನ ತಲೆ ದಾಟಿತು.
ಆಮೇಲೆ ಕಾಂಕ್ರೀಟು, ಆಮೇಲೆ ಒದ್ದೆ ಗೋಣಿತಾಟು ಸುತ್ತಿಕೊಂಡು
ಜ್ವರ ಬಂದವರ ಹಾಗೆ ನಿಂತಿತು ಕಂಬ.
ಅಕ್ಕನ ವಡಾಮಿನ ಮೇಲೆಲ್ಲ ಸಿಮೆಂಟು ಪುಡಿ.
"ಈ ಸಲ ಕರಿದರೂ ಬಿರುಕು ಬಿಡಲ್ಲ ನೋಡು" ಎಂದಳು.
ಎಲ್ಲವೂ ಏರುತ್ತಿತ್ತು, ಬಾಡಿಗೆ ಕೂಡ.
ದಯಾನಿಧಿ ಮಾತ್ರ ಐದಡಿ ಏಳಿಂಚು.
ಅದೇ ಅವನ ಕೆಲಸ:
ಬೆಳೆಯದೆ ನಿಲ್ಲುವುದು.

ಒಂದು ಫೋಟೋ ಕೇಳಿದ, ಮನೆಗೆ ಕಳಿಸಲು.
ಕಳಿಸಿದ ಮೇಲೆ ಹೆಂಡತಿ ಕೇಳಿದಳಂತೆ,
ಇದರಲ್ಲಿ ನೀನೆಲ್ಲಿ?
ಎರಡು ಬೆರಳಲ್ಲಿ ಹಿಗ್ಗಿಸುವುದನ್ನು ತೋರಿಸಿಕೊಟ್ಟೆ.
ಹಿಗ್ಗಿಸಿದ, ಹಿಗ್ಗಿಸಿದ.
ಮುಖ ಬರುವ ಹೊತ್ತಿಗೆ
ಬರೀ ಹಳದಿ ಚೌಕಗಳಾಗಿ ಒಡೆದುಹೋಯಿತು.
"ಪರವಾಗಿಲ್ಲ, ಸ್ಲೇಟು ಕಾಣ್ತದೆ" ಎಂದ,
ನಮ್ಮ ಭಾಷೆಯಲ್ಲೇ.

ಸಂಕ್ರಾಂತಿಯ ಮುಂದಿನ ತಿಂಗಳು
ಪುಟ್ಟಮಾದಯ್ಯನವರ ಫೋನು.
"ಏನ್ರೀ, ಮೂವತ್ತಡಿ ಕಂಬ
ನಿಮ್ಮ ಫೋಟೋದಲ್ಲಿ ಮೂವತ್ತೆರಡಡಿ ಬರ್ತಿದೆ!"
ಕಂಬ ಬೆಳೆದಿಲ್ಲ ಸಾರ್,
ಆಳು ಬದಲಾಗಿದ್ದಾನೆ. ಇವನು ನಾಲ್ಕಿಂಚು ಗಿಡ್ಡ.
"ಓ" ಎಂದರು. ಇಟ್ಟರು.
ಅವರ ಲೆಕ್ಕ ಸರಿಹೋಯಿತು.

ಒಬ್ಬ ಹೈದರಾಬಾದ್ ಎಂದ, ಇನ್ನೊಬ್ಬ ಊರಿಗೆ ಎಂದ,
ಮೇಸ್ತ್ರಿ ಸುಣ್ಣದ ಡಬ್ಬಿ ತೆಗೆಯುತ್ತ
"ಯಾವ ದಯಾನಿಧಿ? ಇಬ್ಬರಿದ್ದರು" ಎಂದ.
ಆ ನಂಬರಿಗೆ ಕಳಿಸಿದ ಕೊನೆಯ ಫೋಟೋ
ಒಂದೇ ಟಿಕ್ಕಿನಲ್ಲಿ ಇವತ್ತಿಗೂ ನಿಂತಿದೆ.

ಈಗ ಸೇತುವೆ ತೆರೆದಿದೆ.
ತಾರಸಿಯ ಮಟ್ಟಕ್ಕೇ ಲಾರಿಗಳು;
ಡ್ರೈವರುಗಳು ಅಕ್ಕನ ಒಣಹಾಕಿದ ಬಟ್ಟೆ ಎಣಿಸುತ್ತಾರೆಂದು
ಹಳೇ ಸೀರೆಯೊಂದನ್ನು ಪರದೆ ಕಟ್ಟಿದ್ದಾಳೆ.
ಚುಕ್ಕೆಗಳಲ್ಲಿ ಎರಡು ಉಳಿದಿವೆ.

ನಿನ್ನೆ ಕೆಳಗೆ ಹೋಗಿದ್ದೆ, ಮೂವತ್ಮೂರರ ಬುಡಕ್ಕೆ.
ಪಿಜಿ ಖಾಲಿ ಇದೆ, ಮೂಲವ್ಯಾಧಿಗೆ ಮದ್ದಿದೆ,
ಬೋರ್‌ವೆಲ್ ಕೊರೆಸಿಕೊಡುತ್ತಾರೆ.
ಕಾಗದಗಳ ಮೇಲೆ ಬೆನ್ನು ಆನಿಸಿ ನಿಂತೆ,
ನೆತ್ತಿಯ ಮೇಲೆ ಅಂಗೈ ಚಪ್ಪಟೆ ಇಟ್ಟು.
ನಾನು ಐದಡಿ ಐದಿಂಚು.
ಇನ್ನೆರಡಿಂಚು ಎಲ್ಲಿಗೆ ಬರುತ್ತದೆಂದು
ಹಿಮ್ಮಡಿ ಎತ್ತಿದೆ.

ಮೇಲೆ ಬಸ್ಸು ದಾಟಿತೇನೋ,
ಕಂಬ ನನ್ನ ಬೆನ್ನೊಳಗೆ ಹೂಂ ಎಂದಿತು.

ಸಿಗ್ನಲ್ಲಿಗೆ ನಿಂತಿದ್ದ ಆಟೋದವನು ಕತ್ತು ಹೊರಹಾಕಿ
"ಏನ್ ಸಾರ್, ಎತ್ತರ ಆಗ್ತಿದ್ದೀರಾ?" ಎಂದ.