ಮೇಣ ಹೆಪ್ಪುಗಟ್ಟುವ ಹೊತ್ತು

ಆಡು ಹಟ್ಟಿಗೆ ಬರುವುದು ಹೊತ್ತು ಮುಳುಗಿದ ಮೇಲೆ.
ನನ್ನ ಇಡೀ ಪ್ರಬಂಧ ನಿಂತಿರುವುದು
ಈ ಒಂದು ಸಾಲಿನ ಮೇಲೆ.

ಹಾಲು ಹಿಂಡುವಾಗ ಬಿಸಿಲಿಲ್ಲ,
ಬಿಸಿಲಿದ್ದಾಗ ಹಾಲಿಲ್ಲ.
ಕುದಿಸೋಣವೆಂದರೆ ಸಂಖದ ಬಯಲಲ್ಲಿ ಸೌದೆ ಎಲ್ಲಿ,
ಇದ್ದಬದ್ದ ಜಾಲಿಮುಳ್ಳು ಬೇಲಿಗೆ ಹೋಗಿದೆ.
ಅದಕ್ಕೇ ಈ ಡಬ್ಬಿ:
ಸೊಲ್ಲಾಪುರದ ಗುಜರಿಯಲ್ಲಿ ಸಿಕ್ಕ ಎಣ್ಣೆ ಡಬ್ಬಿ,
ಒಳಗೆ ಹನ್ನೊಂದು ಕಿಲೋ ಮೇಣ,
ಮೇಲೆ ಕಪ್ಪು ಬಳಿದ ತಗಡು, ಒಂದು ಗಾಜು,
ಸುತ್ತ, ಮಾಳವ್ವ ಕೊಟ್ಟ ಹಳೇ ಕಂಬಳಿ.

ಹಗಲೆಲ್ಲ ಮೇಣ ಕರಗುತ್ತದೆ, ಸದ್ದಿಲ್ಲದೆ.
ಸಂಜೆ ಹೆಪ್ಪುಗಟ್ಟುತ್ತ, ನುಂಗಿದ್ದನ್ನು
ಮೆಲ್ಲಗೆ ಬಿಟ್ಟುಕೊಡುತ್ತದೆ.
ಬಿಟ್ಟುಕೊಡುವಾಗಲೂ ಅದರ ಕಾವು ಇಳಿಯುವುದಿಲ್ಲ:
ಅರವತ್ತಾರು, ಅರವತ್ತಾರು, ಅರವತ್ತಾರು,
ನೋಟುಬುಕ್ಕಿನಲ್ಲಿ ಗೆರೆ ಸಪಾಟಾಗಿ ಮಲಗಿಬಿಡುತ್ತದೆ
ರಾತ್ರಿ ಎಂಟೂವರೆ ತನಕ.
ಹಾಲಿಗೆ ಬೇಕಾದದ್ದು ಅರವತ್ತಮೂರು, ಅರ್ಧ ಗಂಟೆ.
ಅಷ್ಟರಲ್ಲಿ ಸಾಯುತ್ತದೆ
ಆಡಿಗೆ ಕಂದು ಹಾಕಿಸುವ ಆ ಸಣ್ಣ ಜೀವಿ.

"ಹೊತ್ತು ಮುಳುಗೇದ. ಬಿಸಿ ಎಲ್ಲಿಂದ ಬಂತು?"
ಡಬ್ಬಿಗೆ ಕಿವಿ ಹಚ್ಚಿ ಕೇಳಿದಳು ಮಾಳವ್ವ.
ಪುಸ್ತಕದಲ್ಲಿ ಅದಕ್ಕೆ ಗುಪ್ತೋಷ್ಣ ಎಂದು ಹೆಸರು.
"ಒಳಗ ಅಡಗಿ ಕುಂತಿತ್ತು" ಅಂದೆ.
"ಯಾರಿಗೆ ಹೆದರಿ?"

ಆ ವರ್ಷ ಅವಳ ಹಿಂಡಿನಲ್ಲಿ ಒಂಬತ್ತು ಕಂದು ಹಾಕಿದವು.
ಬರಿಗೈಯಲ್ಲಿ ಎಳೆದಳು, ಬರಿಗೈಯಲ್ಲಿ ಹೂಳಿದಳು.
ನಾನು ರಕ್ತ ತೆಗೆದೆ.
ಬಿಳಿ ಹಂಚಿನ ಮೇಲೆ ರಕ್ತದ ತಿಳಿ, ಪಕ್ಕಕ್ಕೆ ಗುಲಾಬಿ ಹನಿ,
ಕಡ್ಡಿಯಲ್ಲಿ ಕಲಸಿ ನಾಲ್ಕು ನಿಮಿಷ ತೂಗಬೇಕು.
ರೋಗವಿಲ್ಲದ್ದು ಗುಲಾಬಿಯಾಗಿಯೇ ಉಳಿಯುತ್ತದೆ,
ಇದ್ದದ್ದು ಒಡೆದ ಹಾಲಿನ ಹಾಗೆ ಕಾಳುಕಾಳು.
ಬಿಳಿಗಿವಿಯದು ಒಡೆಯಿತು. ಗೆಜ್ಜೆಯದು. ಅದರ ಮಗಳದು.

ನನಗೂ ಆಗ ಸಂಜೆ ಸಂಜೆ ತಾಪ.
(ಇಲ್ಲಿ ಜ್ವರಕ್ಕೂ ತಾಪ ಅಂತಾರೆ, ಮರಾಠಿಯ ನೆರೆ.
ನನ್ನ ಪ್ರಬಂಧದ ಹೆಸರಿನಲ್ಲೂ ಅದೇ ಪದ,
ಬಿಸಿಲಿನ ಲೆಕ್ಕದಲ್ಲಿ.)
ಬೆಳಿಗ್ಗೆ ಏನೂ ಇಲ್ಲ, ಸೊಂಟ ಹಿಡಿದದ್ದಷ್ಟೆ;
ಏಳರ ಮೇಲೆ ಏರಿ, ಹಾಸಿಗೆ ತೊಯ್ಯಿಸಿ, ಇಳಿದು,
ಮರುದಿನ ಮತ್ತೆ.
ಮೊದಲ ದಿನ ಅವಳು ಕೊಟ್ಟ ನೊರೆಹಾಲು ನೆನಪಾಯಿತು,
ಜರ್ಮನ್ ಬಟ್ಟಲು, ಮೇಲೆ ತೇಲುವ ಒಂದು ಕೂದಲು.
ಬೇಡ ಅನ್ನುವುದು ಹೇಗೆ, ಬಂದವಳು ನಾನು.
ಬೇಡ ಅನ್ನಬೇಕೆಂದು ಓದಿದವಳೂ ನಾನೇ.

ಇಪ್ಪತ್ತೇಳನೆಯ ಹನಿಗೆ ಹೆಸರು ಬರೆಯಲಿಲ್ಲ.
ತೂಗಿದೆ.
ನಾಲ್ಕು ನಿಮಿಷ ಬೇಕಾಗಲಿಲ್ಲ.

ಈಗ ನೋಟುಬುಕ್ಕಿನಲ್ಲಿ ಎದುರುಬದುರು ಎರಡು ಪುಟ:
ಎಡಕ್ಕೆ ಮೇಣ, ಸಪಾಟು ಗೆರೆ;
ಬಲಕ್ಕೆ ನಾನು, ಹಿಂಡು ದಿಬ್ಬ ಹತ್ತಿ ಇಳಿದ ಹಾಗೆ.
ಪುಣೆಯಿಂದ ಬಂದ ಗುರುಗಳು ಎಡಪುಟ ನೋಡಿ
"ಛಾನ್" ಅಂದರು.
ಬಲಪುಟದ ಮೇಲೆ ಅಂಗೈ ಇಟ್ಟುಕೊಂಡಿದ್ದೆ.

ಮಾಳವ್ವನಿಗೆ ಮಾತ್ರ ಹೇಳಿದೆ,
ಬಿಳಿಗಿವಿಯನ್ನು ಹಿಂಡಿನಿಂದ ತೆಗೆಯಬೇಕು,
ಜತ್ತದ ಸಂತೆಗೂ ಹೊಡೆಯಬಾರದು,
ಇನ್ನೊಬ್ಬರ ಹಟ್ಟಿ ಸೇರುತ್ತದೆ ಎಂದು ಒಪ್ಪಿಸುವಾಗ.
ಆಡಿಗೆ ಔಷಧವಿಲ್ಲ. ನನಗಿದೆ:
ಆರು ವಾರ, ಎರಡು ಬಗೆಯ ಗುಳಿಗೆ.
ಬಹಳ ಹೊತ್ತು ಕಂಬಳಿಯ ಎಳೆ ಕೀಳುತ್ತ ಕೂತಳು.
"ಹಂಗಾರ ನಿನ್ನೂ ತಗೀಬೇಕಲ್ಲ, ಹಿಂಡಿನಿಂದ?"
ನಕ್ಕಳೋ ಇಲ್ಲವೋ, ಕತ್ತಲಿತ್ತು.

ಡಬ್ಬಿಯಲ್ಲಿ ಮೇಣ ಬಿಳಿಚುತ್ತ ಬಂತು, ಅಂಚಿನಿಂದ ನಡುವಿಗೆ.
ಹಾಲು ಇಳಿಸಿ, ಆರಿಸಿ, ಎರಡು ಬಟ್ಟಲಿಗೆ ಸೋಸಿದಳು.
ಒಂದು ಗುಟುಕು ಕುಡಿದು ಮುಖ ಕಿವುಚಿ
"ಜೀವಾನ ಇಲ್ಲ ಇದರಾಗ" ಅಂದಳು.

ಇಲ್ಲ, ಅಂದೆ.